ಕೊಮಾಯೆ: ನದಿಯಂಚಿನ ಪುಟ್ಟ ನಗರ ಮತ್ತು ಅದರ ಮೇಲಣ ಬೆಟ್ಟಗಳು

(ಬಳಗದ ಪರಿಸರ ಅಧ್ಯಯನ ಶಿಬಿರದಲ್ಲಿ ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ಈ ದಿನದ ವಿಷಯವನ್ನು ಕೇಳಿ ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಿರಬಹುದು. ಕಾಡು, ಹೊಳೆ, ತೋಟಗಳ ಬಗ್ಗೆ ಮಾತನಾಡಲು ಸೇರಿರುವ ನಾವು ಜಪಾನಿನ ಒಂದು ಉಪನಗರದ ವಿಚಾರವನ್ನು ಏಕೆ ಎತ್ತಿಕೊಳ್ಳಬೇಕು? ಇದಕ್ಕೆ ನನ್ನ ಉತ್ತರ ಸರಳವಾಗಿದೆ. ಬೆಟ್ಟದಲ್ಲಿ ಹುಟ್ಟುವ ಪ್ರತಿಯೊಂದು ಹೊಳೆಯೂ ಎಲ್ಲೋ ಒಂದು ಕಡೆ ಜನ ಕಿಕ್ಕಿರಿದ ಬಯಲನ್ನು ಸೇರುತ್ತದೆ. ಬೆಟ್ಟದವರ ಬದುಕನ್ನು ನಿರ್ಧರಿಸುವ ಬೇಡಿಕೆಗಳು ಬಹುಮಟ್ಟಿಗೆ ಆ ಬಯಲಿನಲ್ಲೇ ಹುಟ್ಟುತ್ತವೆ. ಆದುದರಿಂದ ಬಯಲಿನ ನಗರವೊಂದು ಹೇಗೆ ಬೆಳೆಯಿತು, ಬೆಳೆಯುವಾಗ ಏನನ್ನು ಕಳೆದುಕೊಂಡಿತು, ಕಳೆದುಕೊಂಡ ಮೇಲೆ ಏನನ್ನು ಕಲಿಯಿತು ಎಂಬುದನ್ನು ತಿಳಿಯುವುದು ನಮಗೂ ಅಗತ್ಯ. ಇದಕ್ಕಾಗಿ ಟೋಕಿಯೋದ ಕೊಮಾಯೆ ಎಂಬ ಪುಟ್ಟ ನಗರವನ್ನು ಆರಿಸಿಕೊಂಡಿದ್ದೇನೆ.

ಮೊದಲು ಅದರ ಗಾತ್ರವನ್ನು ನೋಡೋಣ. ಕೊಮಾಯೆಯ ಒಟ್ಟು ವಿಸ್ತೀರ್ಣ ೬.೩೯ ಚದರ ಕಿಲೋಮೀಟರ್, ಅಂದರೆ ಸುಮಾರು ೧,೫೮೦ ಎಕರೆ. ಮಲೆನಾಡಿನ ಎಷ್ಟೋ ಗ್ರಾಮಗಳ ಎಲ್ಲೆ ಇದಕ್ಕಿಂತ ದೊಡ್ಡದು. ಇಷ್ಟು ನೆಲದಲ್ಲಿ ೮೦ ಸಾವಿರಕ್ಕೂ ಹೆಚ್ಚು ಜನ ವಾಸಿಸುತ್ತಾರೆ. ಚದರ ಕಿಲೋಮೀಟರಿಗೆ ಸುಮಾರು ೧೩ ಸಾವಿರ ಜನರೆಂದಾಯಿತು. ಜಪಾನಿನಲ್ಲಿ ನಗರವೆಂಬ ಸ್ಥಾನಮಾನ ಪಡೆದ ಊರುಗಳಲ್ಲಿ ಇದಕ್ಕಿಂತ ಚಿಕ್ಕದು ಒಂದೇ ಒಂದು. ಅದು ಸೈತಾಮ ಪ್ರಾಂತ್ಯದ ವಾರಬಿ, ೫.೧೧ ಚದರ ಕಿಲೋಮೀಟರ್. ಕೊಮಾಯೆಯ ಪೂರ್ವಕ್ಕೆ ಟೋಕಿಯೋದ ಸೆತಗಾಯ ವಿಭಾಗವಿದೆ. ಪಶ್ಚಿಮಕ್ಕೂ ಉತ್ತರಕ್ಕೂ ಚೋಫು ನಗರವಿದೆ. ದಕ್ಷಿಣದ ಅಂಚಿನಲ್ಲಿ ತಮಾ ನದಿ ಹರಿಯುತ್ತದೆ. ನದಿಯ ಆಚೆ ದಡದಲ್ಲಿ ಕವಾಸಾಕಿ ಮಹಾನಗರ.

ಇಷ್ಟು ಜನಸಾಂದ್ರತೆಯೆಂದರೆ ಮುಗಿಲು ಮುಟ್ಟುವ ಕಟ್ಟಡಗಳ ಸಾಲು ನಿಮ್ಮ ಕಣ್ಣಿಗೆ ಬರಬಹುದು. ಕೊಮಾಯೆ ಹಾಗಿಲ್ಲ. ಕೆಲವು ವಸತಿ ಸಮುಚ್ಚಯಗಳನ್ನು ಬಿಟ್ಟರೆ ಅಲ್ಲಿ ಹೆಚ್ಚಾಗಿ ಕಾಣುವುದು ಎರಡು ಅಂತಸ್ತಿನ ಸಣ್ಣ ಮನೆಗಳು, ಇಕ್ಕಟ್ಟಾದ ಬೀದಿಗಳು, ಬೈಸಿಕಲ್ಲುಗಳು. ಜನರು ರೈಲು ನಿಲ್ದಾಣಕ್ಕೆ ನಡೆದೋ ಬೈಸಿಕಲ್ಲಿನಲ್ಲೋ ಹೋಗಿ, ಅಲ್ಲಿಂದ ಸುಮಾರು ಅರ್ಧ ಗಂಟೆಯಲ್ಲಿ ಟೋಕಿಯೋದ ಶಿಂಜುಕು ತಲುಪುತ್ತಾರೆ. ಹಗಲು ದುಡಿಯಲು ಹೊರಗೆ ಹೋಗಿ ರಾತ್ರಿ ಮಲಗಲು ಮರಳುವವರ ಊರು ಅದು.

ಆದರೆ ಅದು ನಿನ್ನೆ ಮೊನ್ನೆ ಹುಟ್ಟಿದ ಊರಲ್ಲ. ಅಲ್ಲಿ ಒಂದು ಕಾಲಕ್ಕೆ ನೂರು ದಿಬ್ಬಗಳಿದ್ದವೆಂಬ ಮಾತಿದೆ. ಅವು ಪ್ರಾಚೀನ ಕಾಲದ ಸಮಾಧಿ ದಿಬ್ಬಗಳು. ಅವುಗಳಲ್ಲಿ ಒಂದಾದ ಕಾಮೆಜುಕವನ್ನು ೧೯೫೦ರ ದಶಕದ ಆರಂಭದಲ್ಲಿ ಉತ್ಖನನ ಮಾಡಿದಾಗ ದೊರೆತ ವಸ್ತುಗಳಲ್ಲಿ ಕೊರಿಯಾದ ಪ್ರಾಚೀನ ಕೊಗುರ್ಯೊ ರಾಜ್ಯದ ಕಲೆಯ ಛಾಯೆ ಕಂಡುಬಂದಿತು. ಕೊಮಾಯೆ ಎಂಬ ಹೆಸರಿನಲ್ಲಿರುವ ‘ಕೊಮಾ’ ಶಬ್ದವೇ ಆ ರಾಜ್ಯದಿಂದ ವಲಸೆ ಬಂದವರನ್ನು ಸೂಚಿಸುತ್ತದೆ ಎಂದು ಹಲವರು ಅಭಿಪ್ರಾಯಪಡುತ್ತಾರೆ. ಊರಿನ ಒಂದು ಭಾಗದ ಹಳೆಯ ಹೆಸರು ಇಜುಮಿ. ಇದರ ಅರ್ಥ ಒರತೆ. ಅಲ್ಲಿನ ಸೆನ್ರ್ಯೂಜಿ ದೇವಾಲಯದ ಹೆಸರಿನಲ್ಲಿಯೂ ಒರತೆ ಎಂಬ ಅಕ್ಷರವಿದೆ. ಬರಗಾಲದಲ್ಲಿ ಒಬ್ಬ ಭಿಕ್ಷು ಮಳೆಗಾಗಿ ಪ್ರಾರ್ಥಿಸಿದಾಗ ಆ ಒರತೆ ಉಕ್ಕಿತೆಂಬುದು ಸ್ಥಳಪುರಾಣ. ನೀರಿನ ಮೂಲಕ್ಕೆ ಭಯಭಕ್ತಿ ತೋರುವ ಇಂಥ ಪುರಾಣಗಳು ನಮ್ಮಲ್ಲಿಯೂ ಇರುವುದರಿಂದ ಇದನ್ನು ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ಕೃಷಿಯ ದೃಷ್ಟಿಯಿಂದ ಮುಖ್ಯವಾದ ಸಂಗತಿಯೊಂದು ೧೫೯೭ರಲ್ಲಿ ಆರಂಭವಾಯಿತು. ತೊಕುಗಾವ ಇಯೆಯಸುವಿನ ಅಧಿಕಾರಿಯಾದ ಕೊಯಿಜುಮಿ ಜಿದಯು ಎಂಬಾತ ತಮಾ ನದಿಯ ಎರಡೂ ದಡಗಳಲ್ಲಿ ನೀರಾವರಿ ಕಾಲುವೆಗಳನ್ನು ತೋಡಿಸಿದನು. ಕೆಲಸ ಮುಗಿದುದು ೧೬೧೧ರಲ್ಲಿ. ಎಡದಂಡೆಯ ರೊಕುಗೊ ಕಾಲುವೆಗೆ ನೀರು ತಿರುಗಿಸಿದ ಸ್ಥಳ ಇದೇ ಇಜುಮಿ. ಅಲ್ಲಿಂದ ಆ ಕಾಲುವೆ ಸುಮಾರು ೨೩ ಕಿಲೋಮೀಟರ್ ಹರಿದು ಕೆಳಗಿನ ಗದ್ದೆಗಳಿಗೆ ನೀರುಣಿಸುತ್ತಿತ್ತು. ಬಲದಂಡೆಯಲ್ಲಿ, ಇಂದಿನ ಕವಾಸಾಕಿಯ ಕಡೆಗೆ, ನಿಕರ್ಯೊ ಕಾಲುವೆ ಹರಿಯಿತು. ಈ ಬಲದಂಡೆಯ ಕಾಲುವೆಯನ್ನು ನೆನಪಿನಲ್ಲಿಡಿ. ಮುಂದೆ ಅದೇ ಒಂದು ದೊಡ್ಡ ವಿಪತ್ತಿನ ಕಥೆಯೊಳಗೆ ಬರಲಿದೆ.

೧೯೨೭ರಲ್ಲಿ ಓದಕ್ಯು ರೈಲುಮಾರ್ಗ ಕೊಮಾಯೆಯ ಮೂಲಕ ಹಾದುಹೋಯಿತು. ಆಗಲೂ ಅದು ಕೃಷಿಕರ ಹಳ್ಳಿಯೇ ಆಗಿತ್ತು. ನಿಜವಾದ ಬದಲಾವಣೆ ಬಂದುದು ಯುದ್ಧಾನಂತರದ ಆರ್ಥಿಕ ಬೆಳವಣಿಗೆಯ ಕಾಲದಲ್ಲಿ. ದುಡಿಮೆಗಾಗಿ ಟೋಕಿಯೋಗೆ ಬಂದ ಲಕ್ಷಾಂತರ ಜನರಿಗೆ ಮನೆ ಬೇಕಾಗಿತ್ತು. ರೈಲು ಹೋಗುವ ಕಡೆಯಲ್ಲೆಲ್ಲ ಗದ್ದೆಗಳು ನಿವೇಶನಗಳಾದವು. ಕೊಮಾಯೆ ಹಳ್ಳಿ ೧೯೫೨ರಲ್ಲಿ ಪಟ್ಟಣವಾಯಿತು. ೧೯೭೦ರ ಅಕ್ಟೋಬರ್ ೧ರಂದು ನಗರವಾಯಿತು. ಭತ್ತ ಬೆಳೆಯುವ ಗದ್ದೆಗಳು ಇಲ್ಲವಾದ ಮೇಲೆ ಕಾಲುವೆಗೆ ಕೆಲಸವಿರಲಿಲ್ಲ. ಅದನ್ನು ಮುಚ್ಚಿ ಅದರ ಮೇಲೆ ರಸ್ತೆ, ಕಾಲುದಾರಿಗಳನ್ನು ಮಾಡಲಾಯಿತು. ೧೯೭೦ರ ದಶಕದಲ್ಲಿ ದೇವಾಲಯದ ಬಳಿಯ ಪುರಾತನ ಒರತೆಯೂ ಬತ್ತಿತು. ಮಳೆನೀರು ನೆಲಕ್ಕಿಳಿಯಲು ಎಡೆಯಿಲ್ಲದಂತೆ ಮನೆಗಳೂ ರಸ್ತೆಗಳೂ ನೆಲವನ್ನು ಆವರಿಸಿದಾಗ, ಮತ್ತು ಅದೇ ನೆಲದಡಿಯ ನೀರನ್ನು ಮೇಲಕ್ಕೆತ್ತುತ್ತಾ ಹೋದಾಗ, ಒರತೆ ಉಳಿಯುವುದಾದರೂ ಹೇಗೆ? ಈಗ ಆ ಕೊಳಕ್ಕೆ ಕೊಳವೆ ಬಾವಿಯಿಂದ ನೀರನ್ನು ಎತ್ತಿ ತುಂಬಿಸಲಾಗುತ್ತಿದೆ. ಒರತೆಯ ಹೆಸರಿನ ಊರಿನಲ್ಲಿ ಒರತೆಯನ್ನು ವಿದ್ಯುತ್ತಿನಿಂದ ಉಳಿಸಿಕೊಳ್ಳಬೇಕಾಗಿ ಬಂದಿದೆ.

ಇನ್ನು ನದಿಯ ವಿಚಾರಕ್ಕೆ ಬರುತ್ತೇನೆ. ನಿಕರ್ಯೊ ಕಾಲುವೆಗೆ ನೀರು ತಿರುಗಿಸಲು ಕೊಮಾಯೆಯ ಎದುರಿಗೆ ನದಿಗೆ ಅಡ್ಡಲಾಗಿ ಶುಕುಗವಾರ ಎಂಬ ಒಡ್ಡು ಇತ್ತು. ಹಿಂದಿನ ಕಾಲದಲ್ಲಿ ಇಂಥ ಒಡ್ಡುಗಳನ್ನು ಬಿದಿರಿನ ಬುಟ್ಟಿಗಳಲ್ಲಿ ಕಲ್ಲು ತುಂಬಿ ಕಟ್ಟುತ್ತಿದ್ದರು. ದೊಡ್ಡ ನೆರೆ ಬಂದಾಗ ಅವು ಕೊಚ್ಚಿಹೋಗುತ್ತಿದ್ದವು. ರೈತರು ಮತ್ತೆ ಕಟ್ಟುತ್ತಿದ್ದರು. ನಮ್ಮ ಹೊಳೆಗಳಿಗೆ ಪ್ರತಿವರ್ಷ ಮಣ್ಣು, ಸೊಪ್ಪು, ಕಲ್ಲುಗಳಿಂದ ಕಟ್ಟು ಹಾಕುವ ಪದ್ಧತಿಯನ್ನು ಬಲ್ಲವರಿಗೆ ಇದು ಅರ್ಥವಾಗುತ್ತದೆ. ಆ ಕಟ್ಟಿನ ದೌರ್ಬಲ್ಯವೇ ಅದರ ಸುರಕ್ಷತೆಯೂ ಹೌದು. ೧೯೪೯ರಲ್ಲಿ ಶುಕುಗವಾರದಲ್ಲಿ ಕಾಂಕ್ರೀಟಿನ ಸ್ಥಿರ ಒಡ್ಡು ಸಿದ್ಧವಾಯಿತು. ಅದು ನೆರೆಗೆ ಜಗ್ಗುವಂಥದಲ್ಲ.

೧೯೭೪ರ ಆಗಸ್ಟ್ ಕೊನೆಯಲ್ಲಿ ೧೬ನೆಯ ಚಂಡಮಾರುತವು ತಮಾ ನದಿಯ ಮೇಲ್ಭಾಗದ ಬೆಟ್ಟಗಳಲ್ಲಿ ಭಾರಿ ಮಳೆ ಸುರಿಸಿತು. ಸೆಪ್ಟೆಂಬರ್ ೧ರಂದು ನೆರೆ ಕೊಮಾಯೆಯನ್ನು ಮುಟ್ಟಿತು. ಕಾಂಕ್ರೀಟ್ ಒಡ್ಡು ನೀರನ್ನು ತಡೆದುದರಿಂದ ಪ್ರವಾಹವು ಒಡ್ಡಿನ ಎಡತುದಿಯನ್ನು ಬಳಸಿ ದಾರಿ ಮಾಡಿಕೊಂಡಿತು. ಮೊದಲು ಒಳಗಿನ ಸಣ್ಣ ಏರಿ ಕುಸಿಯಿತು. ಬಳಿಕ ನದಿಯಂಚಿನ ಬಯಲು ಕೊರೆಯಿತು. ರಾತ್ರಿ ಮುಖ್ಯ ಏರಿಯೇ ಒಡೆಯಿತು. ಗಮನಿಸಬೇಕಾದ ಅಂಶವೆಂದರೆ ನೀರು ಏರಿಯ ಮೇಲಿಂದ ಉಕ್ಕಿ ಹರಿಯಲಿಲ್ಲ. ಒಡ್ಡಿನಿಂದ ಹೊರಳಿದ ಪ್ರವಾಹ ಏರಿಯನ್ನು ಪಕ್ಕದಿಂದ ಕೊರೆಯಿತು. ಸೆಪ್ಟೆಂಬರ್ ೩ರ ವೇಳೆಗೆ ಇನೊಗಾತ ಎಂಬ ಭಾಗದಲ್ಲಿ ೧೯ ಮನೆಗಳು ಒಂದೊಂದಾಗಿ ನದಿಗೆ ಉರುಳಿದವು. ನೀರನ್ನು ಮತ್ತೆ ನದಿಯ ನಡುವಿಗೆ ತಿರುಗಿಸಲು ಒಡ್ಡನ್ನೇ ಸ್ಫೋಟಕಗಳಿಂದ ಒಡೆಯಬೇಕಾಯಿತು; ಹಲವು ಬಾರಿ ಸಿಡಿಸಿದ ಮೇಲೆ ಅದು ಬಿರಿಯಿತು. ನಿವಾಸಿಗಳು ಮೊದಲೇ ಮನೆ ಬಿಟ್ಟಿದ್ದುದರಿಂದ ಅವರ ಪ್ರಾಣ ಉಳಿಯಿತು. ಆದರೆ ಸಾಲ ಮಾಡಿ ಕಟ್ಟಿದ ಮನೆಗಳು ಹೋದವು. ಸಾಲ ಮಾತ್ರ ನೆರೆಯಲ್ಲಿ ಹೋಗುವಂಥದಲ್ಲ.

ಮನೆಗಳು ನದಿಗೆ ಜಾರುವ ದೃಶ್ಯವನ್ನು ಇಡೀ ಜಪಾನ್ ದೂರದರ್ಶನದಲ್ಲಿ ನೋಡಿತು. ಮನೆಗಿಂತಲೂ ಕುಟುಂಬದ ಭಾವಚಿತ್ರಗಳು ಹೋದುದಕ್ಕೆ ಜನರು ಹೆಚ್ಚು ದುಃಖಪಟ್ಟರೆಂಬ ಸಂಗತಿ ಯಮಾದ ತಾಇಚಿ ಎಂಬ ಲೇಖಕರ ಮನಸ್ಸನ್ನು ತಟ್ಟಿತು. ಅವರ ‘ದಡದ ಆಲ್ಬಂ’ ಎಂಬ ಧಾರಾವಾಹಿ ೧೯೭೭ರಲ್ಲಿ ಪ್ರಸಾರವಾಗಿ ಪ್ರಸಿದ್ಧವಾಯಿತು. ಅದರಲ್ಲಿ ನೆರೆಯ ನಿಜವಾದ ದೃಶ್ಯಗಳನ್ನೇ ಬಳಸಲಾಗಿತ್ತು.

ನಮಗೆ ಹೆಚ್ಚು ಮುಖ್ಯವಾದುದು ಆ ನಿವಾಸಿಗಳು ಆಮೇಲೆ ಮಾಡಿದ ಕೆಲಸ. ಇದು ದೈವಕೋಪವಲ್ಲ, ಪ್ರಕೃತಿ ವಿಕೋಪವೂ ಅಲ್ಲ. ನದಿಯ ನಿರ್ವಹಣೆಯಲ್ಲಿರುವ ಲೋಪವೆಂದು ಹೇಳಿ, ಸರ್ಕಾರದ ವಿರುದ್ಧ ೧೯೭೬ರಲ್ಲಿ ಅವರು ನ್ಯಾಯಾಲಯಕ್ಕೆ ಹೋದರು. ೧೯೭೯ರಲ್ಲಿ ಟೋಕಿಯೋ ಜಿಲ್ಲಾ ನ್ಯಾಯಾಲಯ ಅವರ ವಾದವನ್ನು ಒಪ್ಪಿತು. ಸರ್ಕಾರ ಮೇಲ್ಮನವಿ ಸಲ್ಲಿಸಿತು. ಈ ನಡುವೆ ೧೯೮೪ರಲ್ಲಿ ಒಸಾಕ ಪ್ರಾಂತ್ಯದ ದಾಯಿತೊ ನಗರದ ನೆರೆ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಸುಧಾರಣೆ ಪೂರ್ತಿಯಾಗದ ನದಿಗಳ ವಿಷಯದಲ್ಲಿ ಸರ್ಕಾರದ ಹೊಣೆಯನ್ನು ಬಹಳ ಮಿತಿಗೊಳಿಸಿತು. ಅದರ ನೆರಳಿನಲ್ಲಿ ೧೯೮೭ರಲ್ಲಿ ಉಚ್ಚ ನ್ಯಾಯಾಲಯ ಕೊಮಾಯೆಯವರ ಗೆಲುವನ್ನು ತಳ್ಳಿಹಾಕಿತು. ಅವರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ೧೯೯೦ರ ಡಿಸೆಂಬರಿನಲ್ಲಿ ಆ ನ್ಯಾಯಾಲಯವು ಮೊಕದ್ದಮೆಯನ್ನು ಮರುವಿಚಾರಣೆಗೆ ಕಳುಹಿಸಿತು. ಯೋಜನೆಯಂತೆ ಸುಧಾರಣೆ ಮುಗಿದಿದೆಯೆಂದು ಪರಿಗಣಿಸಲಾದ ನದಿಯು, ಆ ಯೋಜನೆಯೇ ಲೆಕ್ಕ ಹಾಕಿರುವಷ್ಟು ನೆರೆಯನ್ನು ತಡೆದುಕೊಳ್ಳುವಷ್ಟು ಸುರಕ್ಷಿತವಾಗಿರಬೇಕು ಎಂಬುದು ಆ ತೀರ್ಪಿನ ಸಾರ. ೧೯೯೨ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯದಲ್ಲಿ ನಿವಾಸಿಗಳು ಗೆದ್ದರು. ನೆರೆ ಬಂದು ೧೮ ವರ್ಷಗಳಾಗಿದ್ದವು.

ವಿದ್ಯಾರ್ಥಿಗಳು ಈ ವಾದದ ತಿರುಳನ್ನು ಗ್ರಹಿಸಬೇಕು. ಒಡ್ಡು ಕಟ್ಟಿದವರ ಉದ್ದೇಶ ಕೆಟ್ಟದಾಗಿರಲಿಲ್ಲ. ಆಚೆ ದಡದ ಗದ್ದೆಗಳಿಗೆ ನೀರು ಕೊಡುವುದು ಒಳ್ಳೆಯ ಕೆಲಸವೇ. ಆದರೆ ಒಂದು ದಡದ ಉಪಕಾರಕ್ಕಾಗಿ ಕಟ್ಟಿದ ರಚನೆ ಇನ್ನೊಂದು ದಡಕ್ಕೆ ಅಪಾಯ ತರಬಲ್ಲದೇ ಎಂದು ಪರಿಶೀಲಿಸುವ ಹೊಣೆ ಯಾರದು? ಕಾಲ ಬದಲಾಗಿ ಗದ್ದೆಗಳು ಕಡಿಮೆಯಾಗಿ, ಎದುರು ದಡದಲ್ಲಿ ಮನೆಗಳು ತುಂಬಿಕೊಂಡ ಮೇಲೆ ಹಳೆಯ ಲೆಕ್ಕವನ್ನು ಮತ್ತೆ ನೋಡಬೇಕಾದವರು ಯಾರು? ‘ನೆರೆ ಬಂದರೆ ನಾವೇನು ಮಾಡುವುದು’ ಎಂಬ ಮಾತನ್ನು ಒಪ್ಪದೆ, ಏರಿ ಎಲ್ಲಿ, ಯಾವ ಕ್ರಮದಲ್ಲಿ, ಯಾವ ಕಾರಣದಿಂದ ಕುಸಿಯಿತು ಎಂಬುದನ್ನು ಹಂತಹಂತವಾಗಿ ತೋರಿಸಿದ್ದರಿಂದಲೇ ಅವರಿಗೆ ನ್ಯಾಯ ದೊರೆಯಿತು. ಹಳೆಯ ಸ್ಥಿರ ಒಡ್ಡಿನ ಜಾಗದಲ್ಲಿ ಬಾಗಿಲುಗಳನ್ನು ಎತ್ತಿಳಿಸಬಲ್ಲ ಹೊಸ ಒಡ್ಡು ೧೯೯೯ರಲ್ಲಿ ಪೂರ್ಣಗೊಂಡಿತು. ಮೀನುಗಳು ಮೇಲೇರಲು ಅದರಲ್ಲಿ ಮೆಟ್ಟಿಲು ದಾರಿಯಿದೆ. ಏರಿ ಒಡೆದ ಸ್ಥಳದಲ್ಲಿ ಸ್ಮಾರಕ ಶಿಲೆಯೊಂದನ್ನು ನಿಲ್ಲಿಸಲಾಗಿದೆ.

ಆದರೆ ಪಾಠ ಒಮ್ಮೆ ಕಲಿತರೆ ಮುಗಿಯುವುದಿಲ್ಲ. ೨೦೧೯ರ ಅಕ್ಟೋಬರ್ ೧೨ರಂದು ೧೯ನೆಯ ಚಂಡಮಾರುತ, ಅಂದರೆ ಹಗಿಬಿಸ್, ಬಂದಾಗ ಕೊಮಾಯೆಯ ಏರಿ ಭದ್ರವಾಗಿಯೇ ನಿಂತಿತು. ಆದರೂ ನೂರಾರು ಮನೆಗಳಿಗೆ ನೀರು ನುಗ್ಗಿತು. ಊರಿನ ಮಳೆನೀರನ್ನು ನದಿಗೆ ಬಿಡುವ ತೂಬುಗಳ ಮೂಲಕವೇ ಉಬ್ಬಿದ ನದಿ ಊರೊಳಕ್ಕೆ ಹಿಮ್ಮುಖವಾಗಿ ಹರಿಯಿತು. ತೂಬು ಮುಚ್ಚಿದರೆ ಊರಿನ ಮಳೆನೀರು ಹೊರಹೋಗದು. ಮುಚ್ಚದಿದ್ದರೆ ನದಿ ಒಳಬರುವುದು. ಏರಿಯನ್ನು ಎಷ್ಟೇ ಎತ್ತರಿಸಿದರೂ ನೀರು ಇಂಗುವ ನೆಲವನ್ನು ಕಳೆದುಕೊಂಡ ಊರು ಈ ಇಕ್ಕಟ್ಟಿನಿಂದ ಪೂರ್ತಿಯಾಗಿ ಪಾರಾಗಲಾರದು.

ಇದೇ ಕಾರಣದಿಂದ ಆ ನಗರದಲ್ಲಿ ಇನ್ನೂ ಉಳಿದಿರುವ ಹೊಲಗಳ ಬಗ್ಗೆ ಕೃಷಿ ವಿಜ್ಞಾನಿಯಾಗಿ ನನಗೆ ವಿಶೇಷ ಆಸಕ್ತಿ. ಇಷ್ಟು ಕಿಕ್ಕಿರಿದ ಊರಿನಲ್ಲಿ ಮನೆಗಳ ನಡುವೆ ತರಕಾರಿ ಹೊಲಗಳಿವೆಯೆಂದರೆ ನಂಬಲು ಕಷ್ಟ. ಎಳೆಯ ಸೋಯಾ ಅವರೆ, ಅಂದರೆ ಎದಮಾಮೆ, ಕೊಮಾಯೆಯ ಹೆಸರುವಾಸಿ ಬೆಳೆ. ಬೆಳೆದವರು ಹೊಲದ ಅಂಚಿನಲ್ಲೇ ತರಕಾರಿ ಇಟ್ಟು ಹೋಗುತ್ತಾರೆ. ಕೊಳ್ಳುವವರು ಪೆಟ್ಟಿಗೆಗೆ ನಾಣ್ಯ ಹಾಕಿ ಒಯ್ಯುತ್ತಾರೆ. ಈ ಹೊಲಗಳು ಉಳಿದುದು ಆಕಸ್ಮಿಕವಲ್ಲ. ೧೯೬೮ರ ನಗರ ಯೋಜನಾ ಕಾಯಿದೆಯ ಪ್ರಕಾರ ನಗರ ವಲಯದೊಳಗಿನ ಕೃಷಿಭೂಮಿ ಮುಂದೆ ಕಟ್ಟಡಗಳಾಗಬೇಕಾದ ನೆಲವೆಂದೇ ಪರಿಗಣಿತವಾಗಿತ್ತು. ನಿವೇಶನದ ದರದಲ್ಲಿ ತೆರಿಗೆ ಬಿದ್ದರೆ ಯಾವ ರೈತನೂ ಹೊಲ ಉಳಿಸಿಕೊಳ್ಳಲಾರ. ೧೯೭೪ರಲ್ಲಿ ಬಂದ ಉತ್ಪಾದಕ ಹಸಿರು ಭೂಮಿ ಕಾಯಿದೆಯನ್ನು ೧೯೯೧ರಲ್ಲಿ ತಿದ್ದುಪಡಿ ಮಾಡಿ ಒಂದು ಒಪ್ಪಂದದಂಥ ವ್ಯವಸ್ಥೆಯನ್ನು ತರಲಾಯಿತು. ೫೦೦ ಚದರ ಮೀಟರಿಗೆ ಕಡಿಮೆಯಿಲ್ಲದ ಹೊಲವನ್ನು ೩೦ ವರ್ಷ ಕೃಷಿಗೇ ಬಳಸುವುದಾಗಿ ರೈತ ಒಪ್ಪಿದರೆ, ತೆರಿಗೆಯನ್ನು ಹೊಲದ ದರದಲ್ಲೇ ಕಟ್ಟಬಹುದು.

೧೯೯೨ರಲ್ಲಿ ಹೀಗೆ ಗುರುತಿಸಿದ ಹೊಲಗಳ ಅವಧಿ ೨೦೨೨ಕ್ಕೆ ಮುಗಿಯಬೇಕಾಗಿತ್ತು. ಒಂದೇ ಸಲಕ್ಕೆ ಎಲ್ಲವೂ ನಿವೇಶನಗಳಾಗುವುವೆಂಬ ಭಯ ಹರಡಿತ್ತು. ಅಷ್ಟರಲ್ಲಿ ೨೦೧೫ರಲ್ಲಿ ನಗರ ಕೃಷಿಯನ್ನು ಪ್ರೋತ್ಸಾಹಿಸುವ ಮೂಲ ಕಾಯಿದೆ ಬಂದಿತು. ನಗರದ ಹೊಲವು ಕಟ್ಟಡವಾಗಲು ಕಾಯುತ್ತಿರುವ ನೆಲವಲ್ಲ, ನಗರಕ್ಕೆ ಬೇಕಾದ ಅಂಗವೆಂದು ಸರ್ಕಾರದ ನೀತಿಯೇ ಬದಲಾಯಿತು. ೫೦೦ರ ಮಿತಿಯನ್ನು ೩೦೦ ಚದರ ಮೀಟರಿಗೆ ಇಳಿಸಿಕೊಳ್ಳುವ ಅಧಿಕಾರ ಸ್ಥಳೀಯ ಸಂಸ್ಥೆಗಳಿಗೆ ದೊರೆಯಿತು. ಹತ್ತು ಹತ್ತು ವರ್ಷಗಳಿಗೆ ಅವಧಿ ವಿಸ್ತರಿಸುವ ಏರ್ಪಾಡು ಬಂದಿತು. ದೇಶದಲ್ಲಿ ಅಂಥ ಹೊಲಗಳ ಬಹುಪಾಲು ಹಾಗೆಯೇ ಮುಂದುವರಿದಿದೆ. ಭೂಕಂಪವಾದಾಗ ಜನ ಓಡಿಬಂದು ನಿಲ್ಲಲು ತೆರೆದ ಜಾಗ, ಮಳೆ ಇಂಗಲು ಮಣ್ಣು, ಮಕ್ಕಳು ಬೆಳೆಯನ್ನು ಕಣ್ಣಾರೆ ನೋಡುವ ಅವಕಾಶ, ಇವೆಲ್ಲವೂ ಹೊಲದ ಫಲವೆಂದು ಈಗ ಅಲ್ಲಿ ಲೆಕ್ಕ ಹಿಡಿಯುತ್ತಾರೆ. ತರಕಾರಿಯ ಬೆಲೆಯೊಂದನ್ನೇ ಎಣಿಸಿದ್ದರೆ ಈ ಹೊಲಗಳು ಎಂದೋ ಇಲ್ಲವಾಗುತ್ತಿದ್ದವು.

ನದಿಯ ನೀರಿನ ಬಗ್ಗೆಯೂ ಒಂದು ಮಾತು. ಮನೆಗಳ ಕೊಳಚೆಯಿಂದ ತಮಾ ನದಿ ಎಷ್ಟು ಕೆಟ್ಟಿತೆಂದರೆ ೧೯೭೦ರಲ್ಲಿ ಅದರ ಕೆಳಭಾಗದಿಂದ ಕುಡಿಯುವ ನೀರೆತ್ತುವುದನ್ನೇ ನಿಲ್ಲಿಸಬೇಕಾಯಿತು. ಒಡ್ಡುಗಳ ಕೆಳಗೆ ಸಾಬೂನಿನ ನೊರೆ ಬೆಟ್ಟದಂತೆ ಏಳುತ್ತಿತ್ತು. ಸಮುದ್ರದಿಂದ ಮೇಲೇರಿ ಬರುವ ಆಯು ಎಂಬ ಮೀನು ಬಹುತೇಕ ಮರೆಯಾಯಿತು. ನಾಗರಿಕರು ನದಿಯ ರಕ್ಷಣೆಗೆ ಸಂಘಟಿತರಾದರು. ಒಳಚರಂಡಿ ಮತ್ತು ಶುದ್ಧೀಕರಣ ವ್ಯವಸ್ಥೆ ಹಂತಹಂತವಾಗಿ ಹರಡಿತು. ೧೯೮೦ರಲ್ಲಿ ತಮಾ ನದಿಗೆ ಪರಿಸರ ನಿರ್ವಹಣಾ ಯೋಜನೆಯೊಂದನ್ನು ರೂಪಿಸಲಾಯಿತು. ನದಿಯ ದಂಡೆಯಲ್ಲಿ ಎಲ್ಲಿ ಆಟದ ಬಯಲಿರಬೇಕು, ಎಲ್ಲಿ ನಿಸರ್ಗವನ್ನು ಮುಟ್ಟದೆ ಬಿಡಬೇಕು ಎಂದು ವಿಂಗಡಿಸಿದ, ಜಪಾನಿನಲ್ಲೇ ಮೊದಲ ಯೋಜನೆ ಅದು. ೨೦೧೨ರಲ್ಲಿ ನದಿಯನ್ನೇರಿದ ಆಯು ಮೀನುಗಳ ಸಂಖ್ಯೆ ಒಂದು ಕೋಟಿಗೂ ಮೀರಿತ್ತೆಂದು ಅಂದಾಜಿಸಲಾಯಿತು. ಕೆಟ್ಟ ನದಿ ಸರಿಯಾಗಬಲ್ಲದು. ಆದರೆ ಅದಕ್ಕೆ ಒಂದು ತಲೆಮಾರಿನ ಕಾಲವೂ ಅಪಾರ ಹಣವೂ ಬೇಕು.

ಕೊನೆಯದಾಗಿ ನದಿಯ ಮೇಲ್ಭಾಗಕ್ಕೆ ಹೋಗೋಣ. ಈ ಭಾಗ ನಮಗೆ ಅತ್ಯಂತ ಹತ್ತಿರದ್ದು. ತಮಾ ನದಿಯ ಮೂಲ ಇರುವುದು ಯಮನಾಶಿ ಪ್ರಾಂತ್ಯದ ಬೆಟ್ಟಗಳಲ್ಲಿ. ಅಲ್ಲಿನ ಹಳ್ಳಿಗಳ ಜನ ತಲೆತಲಾಂತರದಿಂದ ಸೊಪ್ಪು, ಸೌದೆ, ಹುಲ್ಲು ತರುತ್ತಿದ್ದ ಸಾಮೂಹಿಕ ಕಾಡುಗಳು ೧೯ನೆಯ ಶತಮಾನದ ಕೊನೆಯಲ್ಲಿ ಅರಸುಮನೆತನದ ಆಸ್ತಿಯಾದವು. ತಮ್ಮದಲ್ಲವೆಂದಾದ ಕಾಡಿನ ಬಗ್ಗೆ ಜನರ ಹಳೆಯ ಕಟ್ಟುಪಾಡುಗಳು ಸಡಿಲಗೊಂಡವು, ಕಾಡು ಹಾಳಾಯಿತು, ೧೯೦೭ರಲ್ಲಿ ಯಮನಾಶಿಯಲ್ಲಿ ಭೀಕರ ನೆರೆ ಬಂದಿತು. ಸೊಪ್ಪಿನಬೆಟ್ಟದ ಹಕ್ಕುಗಳಿಗಾಗಿ ಹೋರಾಡಿದವರ ಮಕ್ಕಳಾದ ನಿಮಗೆ ಈ ಕಥೆಯ ಮೊದಲ ಭಾಗ ಪರಿಚಿತವೇ. ೧೯೦೯ರಲ್ಲಿ ಟೋಕಿಯೋದ ಮೇಯರ್ ಒಜಾಕಿ ಯುಕಿಯೊ ಸ್ವತಃ ನದಿಮೂಲಕ್ಕೆ ಹೋಗಿ ಬೋಳಾದ ಬೆಟ್ಟಗಳನ್ನು ಕಂಡರು. ನಗರವೇ ಆ ಕಾಡನ್ನು ಕೊಂಡು ಪೋಷಿಸಬೇಕೆಂದು ತೀರ್ಮಾನವಾಯಿತು. ಇಂದು ಟೋಕಿಯೋದ ಜಲ ಇಲಾಖೆ ಅಲ್ಲಿ ಸುಮಾರು ೨೫ ಸಾವಿರ ಹೆಕ್ಟೇರ್ ಕಾಡನ್ನು ನೋಡಿಕೊಳ್ಳುತ್ತಿದೆ. ನೀರು ಕುಡಿಯುವವರು ಕಾಡಿನ ಖರ್ಚನ್ನು ಹೊರಬೇಕೆಂಬ ತತ್ವ ನೂರು ವರ್ಷಕ್ಕೂ ಹಳೆಯದೆಂಬುದು ಗಮನಾರ್ಹ.

ಆದರೆ ಇದೇ ಕಥೆಗೆ ಇನ್ನೊಂದು ಮುಖವಿದೆ. ೧೯೩೮ರಲ್ಲಿ ಆರಂಭವಾಗಿ, ಯುದ್ಧದಿಂದ ನಿಂತು, ೧೯೫೭ರಲ್ಲಿ ಮುಗಿದ ಒಗೊಚಿ ಅಣೆಕಟ್ಟು ೧೪೯ ಮೀಟರ್ ಎತ್ತರವಿದೆ. ಅದಕ್ಕಾಗಿ ೯೪೫ ಕುಟುಂಬಗಳು ಮನೆಮಾರು ತೊರೆದವು. ಕಾಮಗಾರಿಯಲ್ಲಿ ೮೭ ಜನ ಪ್ರಾಣ ಕಳೆದುಕೊಂಡರು. ಇಂದು ಟೋಕಿಯೋಗೆ ಹೆಚ್ಚಿನ ನೀರು ಬರುವುದು ತೊನೆ ಮತ್ತು ಅರಾ ನದಿಗಳಿಂದ. ಒಗೊಚಿಯ ನೀರನ್ನು ಬರಗಾಲದ ಆಸರೆಯಾಗಿ ಜೋಪಾನ ಮಾಡುತ್ತಾರೆ. ಅಣೆಕಟ್ಟಿನ ಮೇಲಿರುವ ಕೊಸುಗೆ, ತಬಯಮಾ ಗ್ರಾಮಗಳ ಜನಸಂಖ್ಯೆ ಕೆಲವು ನೂರುಗಳಿಗೆ ಇಳಿದಿದೆ. ಒಂದು ಕಡೆ ಚದರ ಕಿಲೋಮೀಟರಿಗೆ ೧೩ ಸಾವಿರ ಜನ. ಅದೇ ನದಿಯ ಇನ್ನೊಂದು ತುದಿಯಲ್ಲಿ ಯುವಕರಿಲ್ಲದ ಹಳ್ಳಿಗಳು. ಕಾಡನ್ನು ಉಳಿಸಿದ ನಗರ, ಕಾಡಿನ ಜನರನ್ನು ಊರಲ್ಲಿ ಉಳಿಸಲಾರದೆ ಹೋಯಿತು.

ಶರಾವತಿಯ ಹಿನ್ನೀರಿನಲ್ಲಿ ಮನೆ ಮುಳುಗಿದವರ ಕುಟುಂಬಗಳು ಈ ಸಭೆಯಲ್ಲಿವೆ. ೨೦೧೯ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪದ ವಿರುದ್ಧ ಬೀದಿಗಿಳಿದವರೂ ಇದ್ದೀರಿ. ಕೊಮಾಯೆಯ ವೃತ್ತಾಂತ ನಮಗೆ ಸಿದ್ಧ ಉತ್ತರವನ್ನು ಕೊಡುವುದಿಲ್ಲ. ಆದರೆ ಕೇಳಬೇಕಾದ ಪ್ರಶ್ನೆಗಳನ್ನು ಸ್ಪಷ್ಟಗೊಳಿಸುತ್ತದೆ. ನಗರ ನಮ್ಮ ನೀರನ್ನು ಕೇಳುವ ಮೊದಲು ತನ್ನ ನೆಲದ ಒರತೆ, ಕೆರೆ, ಹೊಲಗಳಿಗೆ ಏನು ಮಾಡಿದೆ? ಹೊಸ ರಚನೆಯೊಂದನ್ನು ಕಟ್ಟುವಾಗ ಎರಡೂ ದಡಗಳ ಲೆಕ್ಕ ಹಾಕಲಾಗಿದೆಯೇ? ಕಾಡನ್ನು ಕಾಯುವ ಖರ್ಚಿನಲ್ಲಿ ನೀರು ಕುಡಿಯುವವರ ಪಾಲೆಷ್ಟು? ಆ ಪಾಲಿನಲ್ಲಿ ಬೆಟ್ಟದ ಜನರ ಜೀವನಕ್ಕೆ ಸಲ್ಲುವುದೆಷ್ಟು?

ಇಂಥ ಪ್ರಶ್ನೆಗಳನ್ನು ಬರಿಯ ಆವೇಶದಿಂದ ಕೇಳಿದರೆ ಸಾಲದು. ಕೊಮಾಯೆಯವರು ೧೮ ವರ್ಷ ದಣಿಯದೆ ದಾಖಲೆಗಳನ್ನು ಮಂಡಿಸಿದರು. ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೇ: ನಿಮ್ಮ ನಿಮ್ಮ ಊರಿನ ಒರತೆಗಳ ಪಟ್ಟಿ ಮಾಡಿ, ಪ್ರತಿ ಬೇಸಗೆಯಲ್ಲಿ ಅವು ಯಾವ ದಿನ ಬತ್ತುತ್ತವೆಂದು ಬರೆದಿಡಿ. ಮಳೆಗಾಲದಲ್ಲಿ ಹೊಳೆ ಏರಿದ ಮಟ್ಟವನ್ನು ಸೇತುವೆಯ ಕಂಬದ ಮೇಲೋ ಬಂಡೆಯ ಮೇಲೋ ದಿನಾಂಕದೊಡನೆ ಗುರುತು ಮಾಡಿ. ಹಿರಿಯರನ್ನು ಕೇಳಿ ಹಳೆಯ ಕಟ್ಟು, ಕಾಲುವೆಗಳ ನಕ್ಷೆ ತಯಾರಿಸಿ. ಮುಂದಿನ ಮಳೆಗಾಲದ ಹೊತ್ತಿಗೆ ಪ್ರತಿ ಗ್ರಾಮದಿಂದ ಒಂದು ಪುಸ್ತಕವಾದರೂ ಈ ಬಳಗದ ಬಳಿ ಇರಲಿ.